ಭಾವನ ಕಾರಿಗೆ ಎಲ್ಲಾ ಕಾಣ್ತದೆ

ಭಾವ ಹೊಸ ಕಾರು ತಂದಿದ್ದಾರೆ. ಮುಂದಿನ ಗಾಜಿನ ನೆತ್ತಿಗೆ ಕ್ಯಾಮೆರಾ, ಮೂತಿಗೆ ರೇಡಾರು. ಪೂಜೆಯ ದಿನ ಹಾರ ಅಡ್ಡ ಬಂದು, ಅದನ್ನು ತೆಗೆಯುವವರೆಗೂ ಏನೂ ಕಾಣುತ್ತಿಲ್ಲವೆಂದು ಗೋಳಿಡುತ್ತಿತ್ತಂತೆ.

“ಓವರ್‌ಟೇಕ್‌ಗೆ ಇನ್ನು ಹೆದರೋದೇ ಬ್ಯಾಡ ಮಾರಾಯ, ಇದೇ ನೋಡ್ಕಳ್ತದೆ” ಎನ್ನುತ್ತಾ ಸಾಗರದಿಂದ ಸೊರಬದ ಕಡೆಗೆ ಹೊರಡಿಸಿದರು.

ಊರು ದಾಟುತ್ತಲೇ ಮುಂದೊಂದು ಬೈಹುಲ್ಲಿನ ಲಾರಿ. ಹುಲ್ಲು ಎರಡೂ ಕಡೆ ಜೋತುಬಿದ್ದು ರಸ್ತೆಯನ್ನೇ ಗುಡಿಸುತ್ತಿತ್ತು. ಕಾರು ತಾನಾಗಿಯೇ ವೇಗ ಇಳಿಸಿ, ಮರ್ಯಾದಸ್ಥರಂತೆ ಅಂತರ ಬಿಟ್ಟಿತು. ಆ ಅಂತರಕ್ಕೆ ಬೈಕೊಂದು ನುಗ್ಗಿತು. ಕಾರು ಮತ್ತೆ ಹಿಂದೆ ಸರಿಯಿತು. ಆಮೇಲೆ ಒಂದು ಆಟೊ. ಹೀಗೇ ಬಿಟ್ಟರೆ ವಾಪಸ್ ಸಾಗರಕ್ಕೇ ತಲುಪುತ್ತೇವೇನೋ ಅನ್ನಿಸಿತು. ನಿಜ ಹೇಳಬೇಕೆಂದರೆ, ಮುಂದಿನವನಿಗೆ ಗುದ್ದದಂತೆ ಬ್ರೇಕ್ ಹಾಕುವುದರಲ್ಲಿ ಈ ಯಂತ್ರ ಭಾವನಿಗಿಂತ ಎಷ್ಟೋ ವಾಸಿ.

ಆದರೆ ಓವರ್‌ಟೇಕ್ ಬೇರೆಯೇ ಲೆಕ್ಕ. ಲಾರಿ 50ರಲ್ಲಿ, ನಾವು 80ರಲ್ಲಿ ಇದ್ದರೂ ದಾಟಲು ಎಂಟು ಸೆಕೆಂಡಾದರೂ ಬೇಕು. ಎದುರಿನವನೂ 80ರಲ್ಲೇ ಬಂದರೆ ಅಷ್ಟರೊಳಗೆ ಇಬ್ಬರೂ ಸೇರಿ 350 ಮೀಟರು ರಸ್ತೆ ನುಂಗಿರುತ್ತೇವೆ. ಮೂತಿಯ ರೇಡಾರು ಸಾಮಾನ್ಯವಾಗಿ ನೋಡುವುದು 200 ಮೀಟರಿನ ಆಸುಪಾಸು, ಅದೂ ಎದುರಿಗೆ ಹುಲ್ಲಿನ ಗುಡ್ಡ ಇಲ್ಲದಿದ್ದರೆ. ಕನ್ನಡಿಯಲ್ಲಿ ದೀಪ ಹೊತ್ತಿಸಿ ಎಚ್ಚರಿಸುವುದು ಹಿಂದಿನಿಂದ ಬರುವವನ ಬಗ್ಗೆ. ಎದುರಿನಿಂದ ಬರುವ ಯಮನಿಗೆ ದೀಪವಿಲ್ಲ.

ಅಷ್ಟರಲ್ಲಿ ಹುಲ್ಲಿನ ಒಳಗಿಂದ ಲಾರಿಯ ಬಲ ಇಂಡಿಕೇಟರು ಮಿಣುಕಿತು. ನಮ್ಮಲ್ಲಿ ಅದಕ್ಕೆ ‘ಹೋಗು’ ಎಂಬ ಅರ್ಥವೂ ಇದೆ, ‘ನಾನು ತಿರುಗ್ತೀನಿ’ ಎಂಬ ಅರ್ಥವೂ ಇದೆ. ಭಾವ ಮೊದಲನೆಯದನ್ನು ಆರಿಸಿಕೊಂಡು ಬಲಕ್ಕೆ ಎಳೆದರು. ತಮ್ಮ ಇಂಡಿಕೇಟರು ಹಾಕಲಿಲ್ಲ, ಹಾಕಿದ ದಾಖಲೆಯೂ ಇಲ್ಲ. ಇವನು ತೂಕಡಿಸುತ್ತಿದ್ದಾನೆಂದು ಭಾವಿಸಿದ ಕಾರು ಸ್ಟೇರಿಂಗನ್ನು ಎಡಕ್ಕೆ, ಅಂದರೆ ಲಾರಿಯ ಕಡೆಗೆ, ಎಳೆಯಿತು. ಭಾವ ಬಲಕ್ಕೆ, ಕಾರು ಎಡಕ್ಕೆ. ಲಾರಿಯೂ ಬಲಕ್ಕೇ ತಿರುಗತೊಡಗಿತು. ಕೀಂಯ್ ಎಂದು ಕೂಗಿ ಬ್ರೇಕ್ ಬಿತ್ತು. ಹಾಕಿದ್ದು ಭಾವನೋ ಕಾರೋ, ಇಂದಿಗೂ ವಿವಾದ.

ಲಾರಿಯವನು ಇಳಿದು ಬಂದ. “ಅಣ್ಣಾ, ಕಿಟಕೀಲಿ ಕೈ ಹಾಕಿ ಬ್ಯಾಡ ಬ್ಯಾಡ ಅಂದ್ನಲ್ಲ, ಕಾಣ್ಲಿಲ್ವಾ?”

ಭಾವ ಪರದೆಯ ಕಡೆ ನೋಡಿದರು. “ಇದ್ರಲ್ಲಿ ಏನೂ ಬರ್ಲಿಲ್ವಲ್ಲ!”