ಗಂಟೆ ಎಷ್ಟಾಯ್ತು ರೀ?

ಅಮೆರಿಕದ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕಿರುತ್ತದೆ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಇಂಡಿಕೇಟರಿನ ಕಡ್ಡಿ ಎಡಗೈಗೂ ವೈಪರಿನದು ಬಲಗೈಗೂ ಅದಲುಬದಲಾಗಿರುತ್ತದೆ ಎಂದು ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಫೀನಿಕ್ಸ್‌ನಲ್ಲಿರುವ ಮಗನ ಕಾರು ತೆಗೆದುಕೊಂಡು ನಾವಿಬ್ಬರೇ ಹೊರಟೆವು. ತಿರುವು ಬಂದಾಗಲೆಲ್ಲ ಇವರ ಬಲಗೈ ಹಳೇ ಅಭ್ಯಾಸದಂತೆ ಕಡ್ಡಿ ಎಳೆಯುತ್ತಿತ್ತು. ಹೊರಗೆ ಕೆಂಡದಂಥ ಬಿಸಿಲು, ಎರಡಾಳೆತ್ತರದ ಸಗ್ವಾರೋ ಕಳ್ಳಿ, ಮೋಡದ ಚೂರೂ ಇಲ್ಲದ ಆಕಾಶ. ಒಳಗೆ ವೈಪರ್ ಕಿರ್ರೋ ಎಂದು ಆಡುತ್ತಿದೆ.

“ರೀ, ಮಳೆ ಬರ್ತಿಲ್ಲ.”

“ಗಾಜು ಧೂಳಾಗಿತ್ತು ಕಣೇ.”

ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರ ಕೈ ತಪ್ಪುವುದುಂಟೆ? ಆ ಕಳ್ಳಿಗೆ ಮೊದಲ ತೋಳು ಮೂಡಲು 50 ವರ್ಷಕ್ಕೂ ಮೇಲೆ ಹಿಡಿಯುವುದುಂಟಂತೆ. ಇವರ ಎಡಗೈಗೆ ಬುದ್ಧಿ ಬರಲು ಅಷ್ಟೇನೂ ಬೇಕಾಗಲಿಕ್ಕಿಲ್ಲ ಎಂದು ಸುಮ್ಮನಾದೆ.

ಕೈ ಹೇಗೋ ವಾಚೂ ಹಾಗೇ. ಇವರ ಎಚ್‌ಎಂಟಿ ಒಂದು ನಿಮಿಷ ಹಿಂದೆಮುಂದೆ ಆಗುವುದಿಲ್ಲ. ಅಂಥವರನ್ನು ಲಾಸ್ ವೇಗಸ್‌ನ ಜೂಜುಕಟ್ಟೆಯೊಳಗೆ ಬಿಟ್ಟರೆ? ಕಿಟಕಿ ಇಲ್ಲ, ಗೋಡೆಯ ಮೇಲೊಂದು ಗಡಿಯಾರವಿಲ್ಲ. ಊರಲ್ಲಿ ಐಫೆಲ್ ಗೋಪುರವಿದೆ, ವೆನಿಸ್ಸಿನ ಕಾಲುವೆಯಿದೆ, ಎಲ್ಲ ನಕಲು. “ಇಷ್ಟು ಕರೆಂಟು ಸುಡ್ತಾರಲ್ಲೇ” ಎಂದು ಇವರು ಲೆಕ್ಕ ಹಾಕತೊಡಗಿದ ಮೇಲೆ ಹೊರಡುವುದೇ ಕ್ಷೇಮ ಎನಿಸಿತು.

ಹೂವರ್ ಅಣೆಕಟ್ಟಿನ ಮೇಲೆ ಇವರಿಗೆ ಜೀವ ಬಂತು. 726 ಅಡಿ ಎತ್ತರದ ಆ ಕಾಂಕ್ರೀಟು ಕಂಡವರೇ ಅಲ್ಲಿದ್ದ ಕಾವಲುಗಾರನನ್ನು ನಿಲ್ಲಿಸಿ, “ಇವತ್ತಿನ ಲೆವೆಲ್ ಎಷ್ಟು?” ಎಂದು ಕೇಳಿದರು. ಕೆಆರ್‌ಎಸ್‌ನ 124.80 ಅಡಿಯನ್ನು ಜಾತಕದ ಹಾಗೆ ಬಾಯಿಪಾಠ ಮಾಡಿಕೊಂಡ ಮಂಡ್ಯದವರಿಗೆ ಬೇರೆ ಯಾವ ಪ್ರಶ್ನೆ ಹೊಳೆದೀತು? ಜಲಾಶಯದ ಸುತ್ತ ಬಂಡೆಗಳಿಗೆ ಸುಣ್ಣ ಬಳಿದಂತೆ ಬೆಳ್ಳನೆ ಪಟ್ಟೆ. ನೀರು ಒಂದು ಕಾಲಕ್ಕೆ ಅಲ್ಲಿಯವರೆಗೂ ಇತ್ತು. ಕೊಲರಾಡೊ ನದಿಯ ನೀರನ್ನು ಏಳು ರಾಜ್ಯಗಳು 1922ರ ಒಪ್ಪಂದದಂತೆ ಹಂಚಿಕೊಳ್ಳುತ್ತವೆ, ಈಗಲೂ ಕಿತ್ತಾಡುತ್ತವೆ. “ಏಳು ರಾಜ್ಯ! ಮೂರು ರಾಜ್ಯ, ಒಂದು ಪುದುಚೇರಿಗೇ ನಾವು ಸುಸ್ತು” ಎಂದು ಇವರು ಕಾವೇರಿಯ ನೆನಪಲ್ಲಿ ನಿಟ್ಟುಸಿರಿಟ್ಟರು.

ಅಣೆಕಟ್ಟಿನ ಗೋಪುರಗಳ ಮೇಲೆ ಎರಡು ಗಡಿಯಾರ: ಒಂದು ನೆವಾಡಾಕ್ಕೆ, ಇನ್ನೊಂದು ಅರಿಜೋನಾಕ್ಕೆ. ಎರಡರಲ್ಲೂ ಒಂದೇ ಸಮಯ. “ಹಾಗಾದ್ರೆ ಎರಡು ಯಾಕೆ? ದುಂದು” ಎಂದು ಇವರ ತೀರ್ಪು. ಬೇಸಗೆಯಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಅರಿಜೋನಾ ಇಡುವುದಿಲ್ಲ. ಮೊದಲೇ ಅರಿಜೋನಾಕ್ಕಿಂತ ಒಂದು ಗಂಟೆ ಹಿಂದಿರುವ ನೆವಾಡಾ ಹೀಗೆ ಬೇಸಗೆಯಲ್ಲಿ ಅದಕ್ಕೆ ಸರಿಸಮವಾಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಮಾತ್ರ ಆ ಎರಡು ಗಡಿಯಾರ ಜಗಳವಾಡುತ್ತವೆ. ಆದರೆ ಅದೇ ಅರಿಜೋನಾದೊಳಗಿನ ನವಾಹೋ ಜನರ ನಾಡು ಮುಂದಿಡುತ್ತದೆ. ಆ ನಾಡಿನ ನಡುವೆ ಸಿಕ್ಕಿಕೊಂಡಿರುವ ಹೋಪಿ ಜನರ ನೆಲ ಇಡುವುದಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿಗೆ ಬಂದು ನಿಂತೆ. ಒಂದು ಮೈಲಿಗೂ ಆಳದ ಕಂದರ. ಕೆಂಪು, ಕಾವಿ, ನೇರಿಳೆ ಪದರಗಳು ಕಣ್ಣಿಗೆ ಕಂಡಷ್ಟು ದೂರ. ನಕ್ಷೆಯಲ್ಲಿ ಶಿಖರಗಳ ಹೆಸರು ನೋಡಿದರೆ ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್! 19ನೇ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಂಥ ಹೆಸರಿಡುವ ಚಾಳಿ ಶುರುಮಾಡಿದವರು. ಗುಡಿಯಿಲ್ಲ, ಅರ್ಚಕರಿಲ್ಲ, ವಿಶೇಷ ದರ್ಶನದ ಚೀಟಿಯಿಲ್ಲ. ಮೂವರಿಗೂ ಒಟ್ಟಿಗೇ ಕೈ ಮುಗಿದೆ. ಕಂದರದ ತಳದ ಬಂಡೆಗೂ ವಿಷ್ಣುವಿನದೇ ಹೆಸರು, ವಯಸ್ಸು ಸುಮಾರು 170 ಕೋಟಿ ವರ್ಷ.

“ಹತ್ತು ನಿಮಿಷ ಕೊಟ್ಟಿದೀನಿ, ಆಮೇಲೆ ಹೊರಡೋದು” ಎಂದರು ಇವರು, ಎಚ್‌ಎಂಟಿ ನೋಡುತ್ತ. ನಾನು ಕಲ್ಲಿನ ಮೇಲೆ ಕೂತು ಚಕ್ಕುಲಿ ಡಬ್ಬಿ ಬಿಚ್ಚಿದೆ. ಸೂರ್ಯ ಮುಳುಗುವವರೆಗೂ ಏಳಲಿಲ್ಲ.

ಮರುದಿನ ಪೇಜ್ ಎಂಬ ಊರಿನಲ್ಲಿ ಆ್ಯಂಟೆಲೋಪ್ ಕ್ಯಾನ್ಯನ್‌ಗೆ ಟಿಕೆಟ್. ದಾರಿ ನವಾಹೋ ನಾಡಿನೊಳಗೆ ಹಾಯುತ್ತಲೇ ಇವರ ಫೋನು ಒಂದು ಗಂಟೆ ಮುಂದೆ ಜಿಗಿಯಿತು. ಎಚ್‌ಎಂಟಿ ಬೇರೆ ಹೇಳುತ್ತಿದೆ, ಫೋನು ಬೇರೆ. “ಫೋನಿಗೆ ಸ್ಯಾಟಲೈಟಿಂದ ಬರುತ್ತೆ ಕಣೇ” ಎಂದು ಫೋನನ್ನೇ ನಂಬಿ ಕಾರು ಓಡಿಸಿದರು. ಪೇಜ್ ಊರು ನಡೆಯುವುದು ಅರಿಜೋನಾ ಸಮಯಕ್ಕೆ. ಒಂದು ಗಂಟೆ ಮೊದಲೇ ಬಂದು ಬಿಸಿಲಲ್ಲಿ ಬೆಂದೆವು. ಆಮೇಲೆ ಇಳಿದ ಆ ಇಕ್ಕಟ್ಟು ಕಣಿವೆ ಮಾತ್ರ ಎಲ್ಲ ಮರೆಸಿತು: ಹರಿಯುತ್ತಿದ್ದ ನೀರು ಹಾಗೇ ಕಲ್ಲಾಗಿ ನಿಂತಂತೆ. ನವಾಹೋ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಎಲ್ಲೋ ದೂರದಲ್ಲಿ ಸುರಿದ ಮಳೆ ಇಲ್ಲಿ ದಿಢೀರ್ ಪ್ರವಾಹವಾಗಿ ನುಗ್ಗುತ್ತದೆ. 1997ರಲ್ಲಿ 11 ಪ್ರವಾಸಿಗರು ಹಾಗೆ ಹೋದರು. ಅಲ್ಲಿ ಇವರು ಮಾತಾಡಲಿಲ್ಲ. ನೀರಿನ ವಿಷಯದಲ್ಲಿ ಇವರು ಹುಡುಗಾಟ ಆಡುವವರಲ್ಲ.

“ಇನ್ಮೇಲೆ ಎಚ್‌ಎಂಟಿಯೇ” ಎಂದು ಶಪಥ ಮಾಡಿ ಮಾನ್ಯುಮೆಂಟ್ ವ್ಯಾಲಿಗೆ ಹೊರಟೆವು. ಅಲ್ಲಿ ಎಲ್ಲ ನವಾಹೋ ಸಮಯ. ನಾವು ಹೋಗುವಷ್ಟರಲ್ಲಿ ನಮ್ಮ ಜೀಪು ಹೋಗಿ ಒಂದು ಗಂಟೆಯಾಗಿತ್ತು. ಕೌಂಟರಿನ ಹೆಂಗಸು ಒಮ್ಮೆ ಇವರ ವಾಚನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ನಕ್ಕು, ಮುಂದಿನ ಜೀಪಿಗೆ ಹತ್ತಿಸಿದಳು. ಆ ಕೆಂಪು ಬಂಡೆಗಳನ್ನು ಸಿನಿಮಾಗಳಲ್ಲಿ ನೀವೂ ಕಂಡಿರುತ್ತೀರಿ, ಬಣ್ಣಿಸುವುದಿಲ್ಲ.

ವಾಪಸ್ಸಿನ ದಾರಿಯಲ್ಲಿ ಟ್ಯೂಬಾ ಸಿಟಿ ನವಾಹೋಗಳದು, ಅದಕ್ಕೆ ಅಂಟಿಕೊಂಡ ಮೊಯೆಂಕೋಪಿ ಹೋಪಿಗಳದು. ಬೇಸಗೆಯಲ್ಲಿ ಇಲ್ಲಿಂದ ಅಲ್ಲಿಗೆ ಹೋದರೆ ಒಂದು ಗಂಟೆ ವಯಸ್ಸು ಕಮ್ಮಿ. ಇವರು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅದೇ ರಭಸದಲ್ಲಿ ವೈಪರ್ ಹಾಕಿದರು.

ಬೇಸಗೆಯಲ್ಲಿ ಆ ಕಡೆ ಹೋಗುವವರಿಗೆ ಒಂದು ಮಾತು: ಪೇಜ್‌ನ ಟಿಕೆಟ್ ಅರಿಜೋನಾ ಸಮಯಕ್ಕೆ, ಮಾನ್ಯುಮೆಂಟ್ ವ್ಯಾಲಿಯದು ನವಾಹೋ ಸಮಯಕ್ಕೆ. ಅನುಮಾನವಿದ್ದರೆ ಟಿಕೆಟ್ ಕೊಟ್ಟವರನ್ನೇ ಕೇಳಿ, ಯಜಮಾನರನ್ನು ಕೇಳಬೇಡಿ.