ಬಲಪುಟದ ತಕರಾರು

ನಿವೃತ್ತರಾದವರಿಗೆ ಅಂಟುವ ಕಾಯಿಲೆಗಳಲ್ಲಿ ಮಂಡಿನೋವು ಮೊದಲನೆಯದು, ಆತ್ಮಕಥೆ ಎರಡನೆಯದು. ಮಂಡಿನೋವನ್ನು ನಾವೊಬ್ಬರೇ ಅನುಭವಿಸಿದರೆ ಸಾಕು. ಆತ್ಮಕಥೆಯನ್ನು ಇಡೀ ಮನೆ ಅನುಭವಿಸಬೇಕು. ಮೊಮ್ಮಕ್ಕಳಿಗೆ ನಮ್ಮ ಕಾಲ ತಿಳಿಯಲೆಂದು ನಾನೂ ಒಂದು ನೋಟ್‌ಬುಕ್ ತಂದೆ.

'ನಾನು ಹುಟ್ಟಿದ್ದು' ಎಂದು ಬರೆದು ಅಲ್ಲಿಗೇ ನಿಂತೆ. ದಾಖಲೆಯಲ್ಲಿ ಜೂನ್ 1. ಅಣ್ಣನದೂ ಜೂನ್ 1, ಭಾವನದೂ ಜೂನ್ 1. ಎಲ್ಲವೂ ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ತರು ದಯಪಾಲಿಸಿದ ಜನ್ಮದಿನಗಳು. ಸೋದರತ್ತೆಯನ್ನು ಕೇಳಿದರೆ, "ನಯಾಪೈಸೆ ಬಂದ ವರ್ಷ ಕಣೋ. ಸೂಲಗಿತ್ತಿಗೆ ಕೊಟ್ರೆ, ಇದೂ ಒಂದು ದುಡ್ಡಾ ಅಂತ ಎಸೆದುಬಿಟ್ಟಿದ್ದಳು" ಅಂದರು. ಸರಿ, 1957. ಅಕ್ಕನ ಮದುವೆ 'ಬಂಗಾರದ ಮನುಷ್ಯ' ಓಡುತ್ತಿದ್ದಾಗ ಆಯಿತಂತೆ. 1972ರಲ್ಲಿ ಬಂದ ಆ ಸಿನಿಮಾ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅಷ್ಟರಲ್ಲಿ ಅಕ್ಕನಿಗೆ ಮಗುವೂ ಆಗಿತ್ತು!

ಬರೆದದ್ದನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. "ಬಡತನ ಅಂತ ಯಾಕೋ ಬರೆದೆ? ಬೀಗರು ಓದ್ತಾರೆ" ಎಂದಳು ಅಕ್ಕ. "ಬುಡ್ಡಿದೀಪದಲ್ಲಿ ಓದಿದೆ ಅಂತೀಯಲ್ಲ, ಬುಡ್ಡಿ ಇತ್ತು ನಿಜ. ಓದಿದ್ದು ಯಾವಾಗ?" ಇದು ಚಿಕ್ಕಪ್ಪ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಸಂಕೋಚದಿಂದ ಕೇಸರಿಬಾತನ್ನು ಮುಟ್ಟಲಿಲ್ಲ ಎಂಬ ವಾಕ್ಯ ಓದಿ ನನ್ನಾಕೆ, "ಎರಡು ಸಲ ಹಾಕಿಸಿಕೊಂಡಿರಿ. ನಮ್ಮಮ್ಮ ಇರೋವರೆಗೂ ಅದನ್ನೇ ಹೇಳ್ತಿದ್ದರು" ಎಂದಳು.

ದೊಡ್ಡವರು ಜಾಣರು. ಡಿ.ವಿ.ಜಿ. 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ಬಹುಪಾಲು ಬರೆದದ್ದು ಬೇರೆಯವರ ಬಗ್ಗೆ. ಕಾರಂತರೋ, ತಮ್ಮ ಹುಚ್ಚು ಮನಸ್ಸಿಗೆ ಹತ್ತು ಮುಖಗಳಿವೆಯೆಂದು ಪುಸ್ತಕದ ಹೆಸರಿನಲ್ಲೇ ಸಾರಿ, ನೆಂಟರಿಗೆ ಹೇಳಲು ಏನೂ ಉಳಿಸಲಿಲ್ಲ.

ಆದರೆ ತಕರಾರಿನಲ್ಲೂ ಲಾಭವಿದೆ. ಬುಡ್ಡಿಯ ಜಗಳ ಮುಂದುವರಿದಾಗಲೇ, ಸೀಮೆಎಣ್ಣೆಗಾಗಿ ನಮ್ಮಜ್ಜಿ ಸೊಸೈಟಿಯ ಸಾಲಿನಲ್ಲಿ ನಿಂತು ಸೆಕ್ರೆಟರಿಯನ್ನೇ ಗದರಿಸಿದ್ದ ಕಥೆ ಚಿಕ್ಕಪ್ಪನ ಬಾಯಿಂದ ಹೊರಬಿತ್ತು. ನಾನು ಕೇಳಿಯೇ ಇರಲಿಲ್ಲ. ಈಗ ಎಡಪುಟದಲ್ಲಿ ನನ್ನ ಬರಹ, ಬಲಪುಟದಲ್ಲಿ ಅವರ ತಕರಾರು. ಮೊಮ್ಮಕ್ಕಳು ಓದುವುದು ಬಲಪುಟವನ್ನು ಮಾತ್ರ.

ನೀವೂ ಬರೆಯಿರಿ. "ಅದು ಹಾಗಲ್ಲ ಕಣೋ" ಅನ್ನುವವರು ಇರುವಾಗಲೇ ಬರೆಯಿರಿ. ಅವರು ಹೋದಮೇಲೆ ನಾವು ಬರೆದದ್ದೆಲ್ಲ ನಿಜವಾಗಿಬಿಡುತ್ತದೆ.