ವಸ್ತಿ ಮೀಮಾಂಸೆ: ಕಾಲೇಜು ನೋಡಲು ಹೊರಟ ಸಂಸಾರ ರಾತ್ರಿ ಎಲ್ಲಿ ಮಲಗತಕ್ಕದ್ದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ‘ವಸ್ತಿ’ ಎಂಬ ಮಾತಿಗೆ ಇರುವ ತೂಕ ನಿಘಂಟಿನ ತಕ್ಕಡಿಗೆ ಸಿಗುವುದಿಲ್ಲ. ರಾತ್ರಿ ಹಳ್ಳಿಗೆ ಬಂದು ಗುಡಿಯ ಮುಂದೆ ನಿಂತು, ನಸುಕಿನಲ್ಲಿ ಎದ್ದು ಹೋಗುವ ಬಸ್ಸು ವಸ್ತಿ ಬಸ್ಸು. ಬೀಗರು ಚಪ್ಪಲಿ ಮೆಟ್ಟುವಾಗ ‘ಇವತ್ತೊಂದಿನ ವಸ್ತಿ ಇದ್ದು ಹೋಗ್ರೆಲಾ’ ಎನ್ನುವುದು ಮರ್ಯಾದೆ. ಅವರು ಚಪ್ಪಲಿ ಬಿಚ್ಚಿ ಒಳಗೆ ಬಂದುಬಿಟ್ಟರೆ ಅದು ಬೇರೆಯೇ ಅಧ್ಯಾಯ. ಮಗಳಿಗೋ ಮಗನಿಗೋ ಸೀಟು ಸಿಕ್ಕಿ, ಕಾಲೇಜು ನೋಡಿ ಬರಲು ಮನೆಮಂದಿಯೆಲ್ಲ ಹೊರಟಾಗ ರಾತ್ರಿ ಎಲ್ಲಿ ಒರಗಬೇಕು ಎಂದು ವಿಚಾರಿಸುವ ಶಾಸ್ತ್ರಕ್ಕೆ ವಸ್ತಿ ಮೀಮಾಂಸೆ ಎಂದು ಹೆಸರು. ಇದಕ್ಕಿನ್ನೂ ಯಾವ ವಿಶ್ವವಿದ್ಯಾಲಯದಲ್ಲೂ ಪೀಠವಿಲ್ಲ. ಇದ್ದಿದ್ದರೆ, ಉದ್ಘಾಟನೆಗೆ ಬಂದವರನ್ನು ಎಲ್ಲಿ ಇಳಿಸುವುದು ಎಂಬ ಚರ್ಚೆಯಲ್ಲೇ ಮೊದಲ ವರ್ಷದ ಅನುದಾನ ತೀರಿಹೋಗುತ್ತಿತ್ತು.

ಮೊದಲಿಗೆ ಪೂರ್ವಾಚಾರ್ಯರು. ಮನೆಯ ಹಿರಿಯರನ್ನು ಜೊತೆಗಿಟ್ಟುಕೊಂಡು ಉನ್ನತ ಶಿಕ್ಷಣಕ್ಕೆ ಹೊರಟ ಕನ್ನಡಿಗರಲ್ಲಿ ಮಯೂರಶರ್ಮನಿಗಿಂತ ಹಳಬ ಈ ಶಾಸ್ತ್ರಕ್ಕೆ ಗೊತ್ತಿಲ್ಲ. ಗುರು ವೀರಶರ್ಮನ ಜೊತೆ ಅವನು ಕಂಚಿಯ ಘಟಿಕೆಗೆ ಹೋದದ್ದನ್ನು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಆ ವೀರಶರ್ಮ ಅವನ ಅಜ್ಜ ಎಂದು ಗುಡ್ನಾಪುರದ ಶಾಸನದಿಂದ ತಿಳಿಯುತ್ತದೆ. ಕಂಚಿಯಲ್ಲಿ ಪಲ್ಲವರ ಕುದುರೆಯ ಸಂಬಂಧವಾಗಿ ಜಗಳವಾಯಿತು. ಕುದುರೆ ಸವಾರನ ಜೊತೆಗೋ, ಅಶ್ವಮೇಧದ ಸಂದರ್ಭದಲ್ಲೋ ಎಂದು ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ವಸ್ತಿ ಮೀಮಾಂಸಕರಿಗೆ ಮಾತ್ರ ಸಂಶಯವೇ ಇಲ್ಲ, ಅದು ಲಾಡ್ಜಿನ ಪಾರ್ಕಿಂಗ್ ಜಗಳ. ಹುಡುಗ ಪುಸ್ತಕ ಮಡಚಿ ಕತ್ತಿ ಹಿಡಿದ. 4ನೇ ಶತಮಾನದಲ್ಲಿ ಬನವಾಸಿಯ ಕದಂಬ ರಾಜ್ಯ ಹುಟ್ಟಿತು. ಅಡ್ಮಿಷನ್ ಕೆಟ್ಟು ರಾಜ್ಯ ಸಿಕ್ಕ ಉದಾಹರಣೆ ಆಮೇಲೆ ವರದಿಯಾಗಿಲ್ಲವಾದ್ದರಿಂದ ಪಾಲಕರು ಈ ದಾರಿಯನ್ನು ನೆಚ್ಚಬಾರದು.

ಕಂಚಿಯವರೆಗೆ ಹೋಗುವುದೂ ಬೇಡ. ಶಾಸ್ತ್ರದ ಮೂಲಗ್ರಂಥವಿರುವುದು ಇಂಡಿ ತಾಲ್ಲೂಕಿನಲ್ಲೇ. ಇಂಡಿಗೆ ಕೂಗಳತೆಯಲ್ಲದಿದ್ದರೂ ಟಂಟಂ ಅಳತೆಯಲ್ಲಿರುವ ಸಾಲೋಟಗಿಯಲ್ಲಿ. ಊರಿನ ಹಳೆಯ ಹೆಸರು ಪಾವಿಟ್ಟಗೆ, ‘ಶಾಲೆ’ ಬಂದು ಅದರ ಹಿಂದೆ ಕೂತು ಸಾಲೋಟಗಿ ಆಯಿತು ಎನ್ನುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ತ್ರೈಪುರುಷ ದೇವರ ಗುಡಿ, ಅದಕ್ಕೊಂದು ವಿದ್ಯಾಶಾಲೆ ಕಟ್ಟಿಸಿದ. 945ರ ಕಂಬದ ಶಾಸನದಲ್ಲಿ ಅದರ ಲೆಕ್ಕಪತ್ರ ಇದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆ. ದೀಪದ ಖರ್ಚಿಗೆ 12 ನಿವರ್ತನ ಭೂಮಿ. ಅಧ್ಯಾಪಕನಿಗೆ 50 ನಿವರ್ತನ. ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಇದಿಷ್ಟೂ ಸಾಲದೆಂದು, ಊರಲ್ಲಿ ಯಾರೇ ಊಟ ಹಾಕಿಸಿದರೂ ಶಾಲೆಯವರನ್ನು ಆದಷ್ಟು ಮಂದಿ ಕರೆಯಬೇಕು ಎಂಬ ಕಟ್ಟಳೆ ಬೇರೆ.

ಇಲ್ಲಿ ಒಂದೊಂದು ಅಂಕಿಗೂ ಭಾಷ್ಯ ಬೇಕು. ದೀಪಕ್ಕೆ ಬೇರೆ ಜಮೀನು ಬಿಟ್ಟದ್ದು ಯಾಕೆ? ಖೋಲಿಯ ಬಾಡಿಗೆಯೊಳಗೆ ಕರೆಂಟು ಬಿಲ್ಲು ಸೇರಿದೆಯೋ ಇಲ್ಲವೋ ಎಂಬ ಪಿ.ಜಿ.ಗಳ ನಿತ್ಯದ ಕಿರಿಕಿರಿಯನ್ನು 945ರಲ್ಲೇ ಬಗೆಹರಿಸಿಬಿಟ್ಟಿದ್ದರು. ಮದುವೆ ಐದು, ಉಪನಯನ ಎರಡೂವರೆ, ಚೌಲ ಒಂದೂಕಾಲು ಎಂದು ಅರ್ಧರ್ಧ ಇಳಿದದ್ದು ಯಾಕೆ? ಊಟದ ಎಲೆಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ. ಇದು ಇಂದಿಗೂ ಪರೀಕ್ಷಿಸಿ ನೋಡಬಹುದಾದ ಸಿದ್ಧಾಂತ.

ಆದರೆ ನಾರಾಯಣ ಒಂದು ಮಾತು ಹೇಳದೆ ಬಿಟ್ಟ. 27 ಮನೆಗಳೂ ವಿದ್ಯಾರ್ಥಿಗಳಿಗೆ. ಅವರನ್ನು ಬಿಟ್ಟು ಹೋಗಲು ಬಂದ ಅಪ್ಪ, ಅವ್ವ, ಅಜ್ಜಿ, ‘ನಾನೂ ನೋಡ್ತೀನಿ’ ಎಂದು ಗಾಡಿ ಏರಿದ ತಮ್ಮ, ಇವರೆಲ್ಲ ಎಲ್ಲಿ ಮಲಗಿದರು? ಶಾಸನ ಮೌನ. ಪೂರ್ವಪಕ್ಷದವರು ಹೇಳುತ್ತಾರೆ: ಆ ಕಾಲದಲ್ಲಿ ಪಾಲಕರು ಬರುತ್ತಲೇ ಇರಲಿಲ್ಲ. ಇದು ನಿಲ್ಲುವ ವಾದವಲ್ಲ. ಈ ಸೀಮೆಯ ತಾಯಿ ರೊಟ್ಟಿಗಂಟನ್ನು ಸ್ವತಃ ತಲುಪಿಸದೆ ಮಗನನ್ನು ಪರಸ್ಥಳಕ್ಕೆ ಕಳಿಸಿಕೊಟ್ಟಳು ಎಂದು ನಂಬಿಸಲು ಕಲ್ಲುಕಂಬ ಸಾಲದು, ತಾಮ್ರಪಟವೇ ಬೇಕು. ಪಾಲಕರು ಬಂದೇ ಬಂದಿದ್ದಾರೆ. ಊರ ಊಟದ ಕಟ್ಟಳೆಯಲ್ಲಿ ‘ಆದಷ್ಟು ಮಂದಿ’ ಎಂದು ಸಡಿಲ ಬಿಟ್ಟದ್ದೇ ಅವರಿಗಾಗಿ. ಉಂಡ ಮೇಲೆ ಗುಡಿಯ ಕಟ್ಟೆಯ ಮೇಲೆ ಅಡ್ಡಾಗಿದ್ದಾರೆ. ಅಂದು ಬಿಟ್ಟುಹೋದ ಆ ಇಪ್ಪತ್ತೆಂಟನೆಯ ಮನೆಯನ್ನೇ ಇಂದಿನ ಸಂಸಾರ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕೈಯಲ್ಲಿ ಚೀಲ ಹಿಡಿದು ಹುಡುಕುತ್ತ ನಿಂತಿರುತ್ತದೆ.

ವಸ್ತಿ ಮುಖ್ಯವೋ, ಬಂದ ಕೆಲಸ ಮುಖ್ಯವೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮುದ್ದೇಬಿಹಾಳ ಸೀಮೆ. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯಕ್ಕೂ ದಖ್ಖನಿನ ಸುಲ್ತಾನರಿಗೂ ಕಾಳಗವಾದದ್ದು ರಕ್ಕಸಗಿ, ತಂಗಡಗಿಗಳ ಕಡೆ. ಸುಲ್ತಾನರ ದಂಡು ಅದಕ್ಕೂ ಮೊದಲು ಬಿಡಾರ ಹೂಡಿದ್ದು ದೂರದ ತಾಳಿಕೋಟೆಯಲ್ಲಿ. ಆದರೂ ಶಾಲೆಯ ಹುಡುಗರು ಇವತ್ತಿಗೂ ಉರುಹೊಡೆಯುವುದು ತಾಳಿಕೋಟೆ ಯುದ್ಧ ಎಂದೇ. ಹೊಡೆದಾಡಿದ ಊರು ಅಡಿಟಿಪ್ಪಣಿಗೆ ಇಳಿಯಿತು, ಉಳಿದುಕೊಂಡ ಊರು ಪ್ರಶ್ನೆಪತ್ರಿಕೆಗೆ ಏರಿತು. ಕಾಲೇಜು ನೋಡಿ ಬಂದ ಮನೆಗಳಲ್ಲೂ ಇದೇ ಕಥೆ. ಲ್ಯಾಬು ಹೇಗಿತ್ತು, ಗ್ರಂಥಾಲಯದಲ್ಲಿ ಪುಸ್ತಕ ಎಷ್ಟು ಎಂಬುದು ಒಂದೇ ವಾರದಲ್ಲಿ ಮರೆತುಹೋಗುತ್ತದೆ. ‘ಆ ಖೋಲ್ಯಾಗ ಫ್ಯಾನು ಕಟಕಟ ಅಂತಿತ್ತು’ ಎಂಬುದು ಮಗಳಿಗೆ ಡಿಗ್ರಿ ಬಂದು, ಮದುವೆಯಾದರೂ ಉಳಿಯುತ್ತದೆ.

ಇನ್ನು ಭೂಗೋಳ. ಈ ನಾಲ್ಕೂ ಊರುಗಳು ವಿಜಯಪುರದಿಂದ ಸುಮಾರು 40ರಿಂದ 80 ಕಿಲೋಮೀಟರಿನೊಳಗೆ ಇವೆ; ಬಾಗೇವಾಡಿ ಎಲ್ಲಕ್ಕಿಂತ ಹತ್ತಿರ, ಮುದ್ದೇಬಿಹಾಳ ಎಲ್ಲಕ್ಕಿಂತ ದೂರ. ಶಾಸ್ತ್ರದ ಪ್ರಕಾರ ಇದು ಅತ್ಯಂತ ಅಪಾಯಕಾರಿ ಅಂತರ. ಇಪ್ಪತ್ತು ಕಿಲೋಮೀಟರಾಗಿದ್ದರೆ ಹೋಗಿ ಬರಬಹುದು. ಬೆಂಗಳೂರಿನಷ್ಟು ದೂರವಾದರೆ ಲಾಡ್ಜು ಹಿಡಿದರೂ ಯಾರೂ ಕೇಳುವುದಿಲ್ಲ. ಈ ನಡುವಿನ ದೂರದಲ್ಲಿ ಮಾತ್ರ ನೆಂಟರು ದಟ್ಟವಾಗಿ ಬೆಳೆಯುತ್ತಾರೆ.

ರೈಲನ್ನು ನೆಚ್ಚಿಕೊಂಡವರಿಗೆ ಬೇರೆ ಪಾಠವಿದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲೇ ಇಲ್ಲ. ಉಳಿದೆರಡಕ್ಕೆ ಇರುವುದು ‘ಇಂಡಿ ರೋಡ್’ ಮತ್ತು ‘ಬಸವನ ಬಾಗೇವಾಡಿ ರೋಡ್’. ಭಾರತೀಯ ರೈಲ್ವೆಯಲ್ಲಿ ಊರಿನ ಹೆಸರಿನ ಮುಂದೆ ‘ರೋಡ್’ ಬಂದರೆ ಆ ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಬೇಕು ಎಂದು ಅರ್ಥ. ಬಾಗೇವಾಡಿಯ ಸ್ಟೇಷನ್ ಇರುವುದು ತೆಲಗಿಯಲ್ಲಿ. ಇಷ್ಟು ಪ್ರಾಮಾಣಿಕವಾದ ಪರಿಭಾಷೆಯನ್ನು ಲಾಡ್ಜುಗಳೂ ಒಪ್ಪಿಕೊಂಡು, ‘ಕಾಲೇಜಿಗೆ ಹತ್ತಿರ’ ಎಂದು ಬರೆಸುವ ಕಡೆ ‘ಕಾಲೇಜು ರೋಡ್’ ಎಂದು ಬರೆಸಿದ್ದರೆ ಎಷ್ಟೋ ಆಟೋ ಜಗಳ ತಪ್ಪುತ್ತಿದ್ದವು.

ಇಷ್ಟಾದ ಮೇಲೆ ಮತಭೇದಗಳು. ಮಠವಾದಿಗಳು ಯಾವ ಊರಿಗೆ ಹೋದರೂ ಮೊದಲು ಮಠ, ಆಶ್ರಮ, ಯಾತ್ರಿನಿವಾಸ ಕೇಳುತ್ತಾರೆ. ಪ್ರಸಾದ, ವಸ್ತಿ ಎರಡೂ ಒಂದೇ ಕಡೆ. ಬಾಗೇವಾಡಿಯವರು ಈ ಮತಕ್ಕೆ ಸಹಜವಾಗಿ ವಾಲುತ್ತಾರೆ, ತಮ್ಮೂರಲ್ಲಿ ಹುಟ್ಟಿದ ಬಸವಣ್ಣನವರೇ ಕಲಿಯಲು ಕೂಡಲಸಂಗಮಕ್ಕೆ ಹೋದವರು ಎಂಬ ಧೈರ್ಯ ಅವರಿಗೆ. ಲಾಡ್ಜುವಾದಿಗಳು ಸಂಖ್ಯೆಯಲ್ಲಿ ಕಡಿಮೆ, ಜಗಳದಲ್ಲಿ ಜೋರು. ‘ಡಬಲ್ ರೂಮು’ ಎಂದರೆ ಎಷ್ಟು ಜನ ಎಂಬ ಬಗ್ಗೆ ಅವರಿಗೂ ಕೌಂಟರಿನವನಿಗೂ ಮೂಲಭೂತ ಭಿನ್ನಾಭಿಪ್ರಾಯವಿದೆ. ಸಾವಿರ ರೂಪಾಯಿಯೊಳಗಿನ ಖೋಲಿಗೆ ತೆರಿಗೆ ಇಲ್ಲ ಎಂಬ ನೆಮ್ಮದಿಯೂ 2022ರ ಜುಲೈ 18ಕ್ಕೆ ಹೋಯಿತು. ಅಂದಿನಿಂದ ಶೇ 12 ಜಿಎಸ್‌ಟಿ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. ಸಾಲೋಟಗಿಯಲ್ಲಿ ಊರವರು ಕಾಸು ಕೊಟ್ಟು ವಿದ್ಯಾರ್ಥಿಯನ್ನು ಮಲಗಿಸುತ್ತಿದ್ದರು. ಈಗ ವಿದ್ಯಾರ್ಥಿಯ ಅಪ್ಪ ತಾನು ಮಲಗಿದ್ದಕ್ಕೆ ಸರ್ಕಾರಕ್ಕೆ ಕಾಸು ಕೊಡುತ್ತಾನೆ. ಪ್ರಗತಿ ಎಂದರೆ ಇದೇ ಇರಬೇಕು.

ಎಲ್ಲರಿಗಿಂತ ಬಲಿಷ್ಠರು ಬೀಗವಾದಿಗಳು. ವಿಜಯಪುರದಲ್ಲಿ ಸಂಬಂಧಿಕರಿರುವಾಗ ಲಾಡ್ಜಿಗೆ ಇಳಿದವನು ವಿಚ್ಛೇದನ ಕೊಟ್ಟವನಿಗಿಂತ ದೊಡ್ಡ ಅಪರಾಧಿ ಎಂಬುದು ಅವರ ನಿಲುವು. ‘ಊರಾಗ ನಾವು ಸತ್ತೀವೇನು?’ ಎಂಬ ಒಂದೇ ಸೂತ್ರದ ಮೇಲೆ ಇಡೀ ದರ್ಶನ ನಿಂತಿದೆ. ತೊಡಕೆಂದರೆ, ಪ್ರತಿ ಸಂಸಾರಕ್ಕೂ ಊರಲ್ಲಿ ಕನಿಷ್ಠ ಎರಡು ಮನೆಗಳಿರುತ್ತವೆ: ಗಂಡನ ತಂಗಿಯದು ಒಂದು, ಹೆಂಡತಿಯ ತಮ್ಮನದು ಒಂದು. ಒಂದರಲ್ಲಿ ಉಂಡರೆ ಇನ್ನೊಂದರಲ್ಲಿ ಮಲಗಬೇಕು, ಒಂದರಲ್ಲಿ ಮಲಗಿದರೆ ಇನ್ನೊಂದರಲ್ಲಿ ಜಳಕ ಮಾಡಬೇಕು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಕಲೆಹಾಕಿದ ಗರತಿಯರ ಹಾಡುಗಳಲ್ಲಿ ತವರಿಗಾಗಿ, ಅಣ್ಣತಮ್ಮಂದಿರಿಗಾಗಿ ಹಂಬಲ ತುಂಬಿಕೊಂಡಿದೆ. ನಾದಿನಿಯ ಮನೆಗೆ ಹಂಬಲಿಸುವ ಹಾಡು ಮಾತ್ರ ಮೀಮಾಂಸಕರ ಕಿವಿಗೆ ಇನ್ನೂ ಬಿದ್ದಿಲ್ಲ.

‘ಸಂಸಾರ’ ಎಂಬ ಪದದ ವ್ಯಾಖ್ಯೆ 2023ರ ಜೂನ್ 11ರಂದು ಬದಲಾಯಿತೆಂಬುದನ್ನೂ ಇಲ್ಲೇ ಹೇಳಬೇಕು. ಅಂದು ಶಕ್ತಿ ಯೋಜನೆ ಬಂದು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ದರದ ಟಿಕೆಟ್ಟು ಸಿಕ್ಕಿತು. ಅದಕ್ಕೂ ಮೊದಲು ಕಾಲೇಜು ನೋಡಲು ಅಪ್ಪ ಮತ್ತು ಮಗಳು ಹೋಗುತ್ತಿದ್ದರು. ಈಗ ಅವ್ವ, ಅಜ್ಜಿ, ದೊಡ್ಡವ್ವ, ಪಕ್ಕದ ಮನೆಯ ಅಕ್ಕ ಎಲ್ಲರೂ ಆಧಾರ್ ಕಾರ್ಡು ಹಿಡಿದು ಬರುತ್ತಾರೆ. ಟಿಕೆಟ್ಟಿಗೆ ಹಣ ಕೊಡುವವನು ಅಪ್ಪ ಒಬ್ಬನೇ. ಬಸ್ಸಿನ ಖರ್ಚು ಇಳಿದಷ್ಟೂ ಹಾಸಿಗೆಯ ಖರ್ಚು ಏರುತ್ತದೆ ಎಂಬ ನಿಯಮ ಹೀಗೆ ಸಿದ್ಧವಾಯಿತು.

ನಿಯಮವಾದ ಮೇಲೆ ಪ್ರಯೋಗ. ಇಂಡಿ ತಾಲ್ಲೂಕಿನ ಒಂದು ಮಾದರಿ ಸಂಸಾರ. ಶಾಸ್ತ್ರದ ಅನುಕೂಲಕ್ಕೆ ಕಲ್ಪಿಸಿದ್ದು, ಹೋಲಿಕೆ ಕಂಡರೆ ಅದು ಓದುಗರ ಅನುಭವ. ಮಗಳಿಗೆ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸೀಟು. 2003ರಲ್ಲಿ ಶುರುವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದದ್ದು ಅದು. ಎರಡನೆಯ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ನೌರಸಪುರ ಎಂಬ ಹೊಸ ಊರನ್ನೇ ಕಟ್ಟಿಸಹೊರಟದ್ದು ಇದೇ ತೊರವಿಯ ಹತ್ತಿರ. 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವದಿದ್ದರೆ ಇವತ್ತು ಪಾಲಕರಿಗೆ ಕ್ಯಾಂಪಸ್ಸಿನ ಮಗ್ಗುಲಲ್ಲೇ ಒಂದು ಅರಮನೆಯ ಪಡಸಾಲೆ ಸಿಗುತ್ತಿತ್ತೇನೋ. ಸಿಗಲಿಲ್ಲ. ಆರು ಜನ ನಾದಿನಿಯ ಮನೆಗೆ ಇಳಿದರು.

ನಾದಿನಿ ಒಳ್ಳೆಯವಳು. ಕಷ್ಟವಿದ್ದದ್ದು ರೊಟ್ಟಿಗಂಟಿನಲ್ಲಿ. ಬಿಳಿ ಧೋತರದಲ್ಲಿ ಕಟ್ಟಿದ ಐವತ್ತು ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಗುರೆಳ್ಳು ಚಟ್ನಿ. ಅದು ಮಗಳ ಹಾಸ್ಟೆಲಿಗೆ ಕಟ್ಟಿದ ಬುತ್ತಿ. ನಾದಿನಿ ಗಂಟು ನೋಡಿದಳು, ಗಂಟು ಬಿಚ್ಚದ ಅತ್ತಿಗೆಯನ್ನೂ ನೋಡಿದಳು. ‘ನಮ್ಮ ಮನ್ಯಾಗ ರೊಟ್ಟಿ ಇಲ್ಲಂತ ಹೊತ್ಕೊಂಡು ಬಂದೀರೇನ್ ವೈನಿ?’ ಎಂದಳು. ಗಂಟು ಬಿಚ್ಚಲೇಬೇಕಾಯಿತು. ರಾತ್ರಿ ಊಟದಲ್ಲಿ ಹದಿನೆಂಟು ರೊಟ್ಟಿ ಹೋದವು, ಅವ್ವ ಎಣಿಸಿದಳು. ಪಡಸಾಲೆಯಲ್ಲಿ ಜಮಖಾನ ಹಾಸಿದರು. ಅಜ್ಜಿಗೆ ಮಂಚ, ಅಪ್ಪನಿಗೆ ಮಾಳಿಗೆ. ಬೆಳಿಗ್ಗೆ ಬಿಸಿನೀರಿನ ಒಂದು ಬಕೆಟ್ಟಿಗೆ ಎರಡು ಮನೆತನದ ಒಂಬತ್ತು ಜನ ಸರತಿ ನಿಂತರು. ನಾದಿನಿಯ ಗಂಡ ಆಫೀಸಿಗೆ ತಣ್ಣೀರಿನಲ್ಲಿ ಮಿಂದು ಹೋದ. ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದು ಬೀಗವಾದದಲ್ಲಿ ಒಂದು ಭಾಷೆ.

ಕಾಲೇಜು ಮಧ್ಯಾಹ್ನದೊಳಗೆ ಮುಗಿಯಿತು. ಕಟ್ಟಡ ನೋಡಿದರು, ಫಾರ್ಮು ತುಂಬಿದರು, ಹಾಸ್ಟೆಲಿನ ಗೇಟು ನೋಡಿ ಮಗಳನ್ನು ಅಲ್ಲಿ ಬಿಟ್ಟರು. ಇನ್ನೂ ಒಂದು ರಾತ್ರಿ ಇದ್ದು ಹೋಗಲೇಬೇಕೆಂದು ನಾದಿನಿಯ ಹಟ. ‘ವಸ್ತಿ ಬಸ್ಸಿನ್ಯಾಗ ಹೋಗಿ ರಾತ್ರಿ ಎದಕ್ಕ ತ್ರಾಸು?’ ಸಂಜೆಗೆ ಎಲ್ಲರನ್ನೂ ಗೋಳಗುಮ್ಮಟಕ್ಕೆ ಅವಳೇ ಕರೆದುಕೊಂಡು ಹೋದಳು. ವಿಜಯಪುರಕ್ಕೆ ಯಾವ ಕೆಲಸಕ್ಕೆ ಬಂದರೂ ಮಕ್ಕಳು ಗುಮ್ಮಟ ಹತ್ತದೆ ಬಿಡುವುದಿಲ್ಲ.

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾನ ಗೋರಿಯ ಮೇಲಿನ ಆ ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರು. ಸುತ್ತಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹತ್ತಿರ ಹಿಡಿದು ಮೆಲ್ಲಗೆ ಆಡಿದ ಮಾತು ಗೋಡೆಯ ಬಾಗಿಗೆ ಅಂಟಿಕೊಂಡೇ ಹರಿದು ಎದುರುಬದಿಯವರ ಕಿವಿಗೆ ಬೀಳುತ್ತದೆ. ಜೋರಾಗಿ ಕೂಗಿದರೆ ಏಳು ಸಲ ಮರುದನಿ ಎಂದು ಗೈಡುಗಳು ಹೇಳುತ್ತಾರೆ. ಅಂದು ಮಕ್ಕಳ ಚಪ್ಪಾಳೆ, ಸಿಳ್ಳೆ ಎಲ್ಲ ಮುಗಿದು ಒಂದು ಗಳಿಗೆ ನಿಶ್ಶಬ್ದವಾಯಿತು. ನಾದಿನಿ ಸಣ್ಣ ಮಗನನ್ನು ಎತ್ತಿಕೊಂಡು ಆಚೆ ಬದಿಯ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು. ಈಚೆ ಬದಿಯಲ್ಲಿ ಅವ್ವ ಗಂಡನನ್ನು ಮೊಳಕೈಯಿಂದ ತಿವಿದು, ಗೋಡೆಯ ಕಡೆ ಮುಖ ಮಾಡಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು: ‘ನಿಮ್ಮ ತಂಗಿ ಮನ್ಯಾಗ ಇನ್ನೊಂದ್ ರಾತ್ರಿ ನಾ ವಸ್ತಿ ಇರಾಕಿ ಅಲ್ಲ.’

ಆ ರಾತ್ರಿ ಊರಿನ ವಸ್ತಿ ಬಸ್ಸಿನಲ್ಲಿ ನಾಲ್ಕು ಶೂನ್ಯ ದರದ ಟಿಕೆಟ್ಟುಗಳು ಹರಿದವು. ಉಳಿದ ಮೂವತ್ತೆರಡು ರೊಟ್ಟಿ ನಾದಿನಿಯ ಮನೆಯಲ್ಲೇ ಉಳಿದವು. ಅವನ್ನು ಮಾರನೆಯ ದಿನ ಹಾಸ್ಟೆಲಿಗೆ ಮುಟ್ಟಿಸಿದವಳೂ ಅವಳೇ, ಒಂದೂ ಕಡಿಮೆಯಿಲ್ಲದಂತೆ ಎಣಿಸಿ.